ನಾಲ್ಕು ಗಂಟೆಯ ಬಸ್ಸಿಗೆ ಕೊಟ್ಟ ವರದಿ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆ ಆ ಕಾಲದಲ್ಲಿ ಯಾವ ಸಭೆ ನಡೆದರೂ, ಅಧ್ಯಕ್ಷರು ಬರಲಿ ಬಿಡಲಿ, ಇಬ್ಬರು ಇದ್ದೇ ಇರುತ್ತಿದ್ದರು: ಮೈಕಿನವನು ಮತ್ತು ಪತ್ರಿಕೆಯ ಬಾತ್ಮೀದಾರ. ಬಾತ್ಮೀದಾರ ನಾನು. ಹಗಲು ಬಂಟ್ವಾಳ ಪೇಟೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ಟ್ರಾಗಿದ್ದೆ. ಉಳಿದ ಹೊತ್ತು ಮಂಗಳೂರಿನ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಮೈಕಿನವನು ನನಗಿಂತ ಐದಾರು ವರ್ಷ ಚಿಕ್ಕವನು. ಪೇಟೆಯ ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಎಲ್ಲರೂ ಅವನನ್ನು ಪೊರ್ಬು ಎಂದೇ ಕರೆಯುತ್ತಿದ್ದರು. ತುಳುವಿನಲ್ಲಿ ಕ್ರೈಸ್ತರನ್ನೆಲ್ಲ ಹಾಗೆ ಕರೆಯುವುದು ರೂಢಿ. ಅದು ಹೆಸರಲ್ಲ. ಅವನಿಗೆ ಬೇರೆ ಹೆಸರಿತ್ತು. ಆ ಹೆಸರಿಗೆ ಏನಾಯಿತು ಎಂಬುದೇ ಈ ಬರಹದ ವಿಷಯ.

ನನಗೆ ತಿಳಿದ ಮಟ್ಟಿಗೆ, ಈ ಮೂರು ಊರುಗಳ ನಡುವೆ ಗಿಟಾರಿಗೆ ವಿದ್ಯುತ್ತಿನ ಧ್ವನಿ ಕೊಟ್ಟು ರಾಕ್ ಅಂಡ್ ರೋಲ್ ನುಡಿಸಿದ ಮೊದಲಿಗ ಅವನು. ‘ತಿಳಿದ ಮಟ್ಟಿಗೆ’ ಎಂದು ಬರೆಯುವುದು ನನ್ನ ವೃತ್ತಿಯ ಅಭ್ಯಾಸ. ಈ ವಿಷಯದಲ್ಲಿ ಆ ಮಾತಿನ ಅಗತ್ಯವಿಲ್ಲ. ನಾನು ಅಲ್ಲೇ ಇದ್ದೆ.

ಸಭೆಗಳಿಗೆ ನಾವು ಹೆಚ್ಚಾಗಿ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ನಾನು ಒಳಗೆ, ಅವನು ಟಾಪಿನ ಮೇಲೆ. ಆಂಪ್ಲಿಫಯರ್, ಕಾರಿನ ಬ್ಯಾಟರಿ, ಧ್ವನಿ ಹೊರಡಿಸುವ ಎರಡು ಹಾರ್ನು, ರೆಕಾರ್ಡುಗಳ ಪೆಟ್ಟಿಗೆ, ಇಷ್ಟನ್ನೂ ಮೇಲೆ ಹಾಕಿ ಅವನೂ ಅವುಗಳ ನಡುವೆ ಕೂರುತ್ತಿದ್ದ. ಹಾರ್ನು ಉರುಳಿ ಬಿದ್ದರೆ ಅಂಗಡಿಯ ಧಣಿ ಸುಮ್ಮನಿರುವವರಲ್ಲ. ಸಿದ್ಧಕಟ್ಟೆಯ ತಿರುವುಗಳಲ್ಲಿ ಮೇಲಿನಿಂದ ಅವನ ಶಿಳ್ಳೆ ಕೇಳಿಸುತ್ತಿತ್ತು. ಕಂಡಕ್ಟರು ಅದನ್ನು ‘ರೈಟ್’ ಎಂದು ತಿಳಿದು ಬೆಲ್ಲು ಹೊಡೆದದ್ದೂ ಉಂಟು.

ನನ್ನ ಕೆಲಸದ ಕ್ರಮವನ್ನೂ ಹೇಳಬೇಕು. ಅದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಸಭೆಗಳು ಶುರುವಾಗುವುದು ಸಂಜೆ ಐದರ ನಂತರ. ಮಂಗಳೂರಿಗೆ ಸುದ್ದಿ ತಲುಪಿಸಬಹುದಾದ ಬಸ್ಸು ಹೊರಡುವುದು ನಾಲ್ಕಕ್ಕೆ. ಕಂಡಕ್ಟರನ ಕೈಗೆ ಲಕೋಟೆ ಕೊಟ್ಟರೆ ಅವನು ಅದನ್ನು ಪತ್ರಿಕೆಯ ಕಚೇರಿಗೆ ಮುಟ್ಟಿಸುತ್ತಿದ್ದ. ಆ ಬಸ್ಸು ತಪ್ಪಿದರೆ ಸುದ್ದಿ ಎರಡು ದಿನ ಹಳತು. ಹಳತಾದದ್ದನ್ನು ಅಲ್ಲಿ ಬುಟ್ಟಿಗೆ ಹಾಕುತ್ತಿದ್ದರು. ಹೀಗಾಗಿ ನಮ್ಮ ಕಡೆಯ ಬಾತ್ಮೀದಾರರೆಲ್ಲ ಒಂದು ದಾರಿ ಕಂಡುಕೊಂಡಿದ್ದೆವು. ಸಭೆಯ ಆಮಂತ್ರಣ ಪತ್ರಿಕೆ ಹಿಂದಿನ ದಿನವೇ ಕೈಗೆ ಬರುತ್ತಿತ್ತು. ಯಾರು ಸ್ವಾಗತಿಸುತ್ತಾರೆ, ಯಾರ ಅಧ್ಯಕ್ಷತೆ, ಯಾರು ವಂದಿಸುತ್ತಾರೆ ಎಂದು ಅದರಲ್ಲಿ ಅಚ್ಚಾಗಿರುತ್ತಿತ್ತು. ‘ಸ್ವಾಗತಿಸುವರು’ ಎಂದಿದ್ದಲ್ಲಿ ‘ಸ್ವಾಗತಿಸಿದರು’ ಎಂದು ಬರೆದರೆ ವರದಿ ಸಿದ್ಧ. ಅಧ್ಯಕ್ಷರು ವಿದ್ಯೆಯ ಮಹತ್ವದ ಬಗ್ಗೆ ಮಾತಾಡಿದರು ಎಂದು ಸೇರಿಸುವುದು. ಶಾಲೆಯ ಸಭೆಯಲ್ಲಿ ಬೇರೆ ಏನು ಮಾತಾಡುತ್ತಾರೆ? ಲಕೋಟೆಯನ್ನು ಬಸ್ಸಿಗೆ ಕೊಟ್ಟು, ಆಮೇಲೆ ಹೋಗಿ ಸಭೆಯಲ್ಲಿ ಕೂರುವುದು. ಯಾರಾದರೂ ಬಾರದೆ ಇದ್ದರೂ ತೊಂದರೆಯಿಲ್ಲ. ಬಾರದವರ ಹೆಸರು ಪತ್ರಿಕೆಯಲ್ಲಿ ಬಂದರೆ ಅವರಿಗೆ ಸಂತೋಷವೇ. ಆರು ವರ್ಷದಲ್ಲಿ ಒಬ್ಬನೂ ದೂರು ಹೇಳಿರಲಿಲ್ಲ.

ಅವನ ಗಿಟಾರು ಮುಂಬಯಿಯಿಂದ ಬಂದದ್ದು. ತಾಯಿಯ ತಮ್ಮ ಅಲ್ಲಿನ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಊದುತ್ತಿದ್ದ. ರಜೆಯಲ್ಲಿ ಬಂದಾಗ, ಕತ್ತು ಒಡೆದು ಅಂಟಿಸಿದ ಒಂದು ಗಿಟಾರನ್ನು ಅಳಿಯನಿಗೆ ಬಿಟ್ಟು ಹೋದ. ಮಾವ ಕಲಿಸಿದ್ದು ನಾಲ್ಕು ದಿನ. ಉಳಿದದ್ದನ್ನು ಇವನು ರೇಡಿಯೋದಿಂದ ಕಲಿತ. ಬಂಟ್ವಾಳ ಪೇಟೆಯ ಒಂದು ಹೋಟೆಲಿನಲ್ಲಿ ರೇಡಿಯೋ ಇತ್ತು. ಸಂಜೆ ಸಿಲೋನಿನಿಂದ ಇಂಗ್ಲಿಷ್ ಹಾಡು ಬರುವ ಹೊತ್ತಿಗೆ ಇವನು ಒಂದು ಚಾ ತೆಗೆದುಕೊಂಡು ಕೂತರೆ ಚಾ ತಣಿದು ಕೆನೆ ಕಟ್ಟುವವರೆಗೂ ಮುಟ್ಟುತ್ತಿರಲಿಲ್ಲ. ತಂತಿ ಕಡಿದರೆ ಇಲ್ಲಿ ಸಿಗುವುದಿಲ್ಲ. ಸೈಕಲಿನ ಬ್ರೇಕ್ ತಂತಿಯಿಂದ ಒಂದೊಂದೇ ಎಳೆ ಬಿಡಿಸಿ ಕಟ್ಟುತ್ತಿದ್ದ. ಅವನ ಎಡಗೈಯ ಬೆರಳುಗಳ ತುದಿಯಲ್ಲಿ ಸದಾ ಗಾಯ.

ಮೈಕ್ ಸೆಟ್ಟಿನ ಕೆಲಸವೇ ಅವನಿಗೆ ದಾರಿ ತೋರಿಸಿತು. ಅಂಗಡಿಯಲ್ಲಿ ಕೆಟ್ಟು ಮೂಲೆಗೆ ಬಿದ್ದ ಒಂದು ರೆಕಾರ್ಡ್ ಪ್ಲೇಯರಿತ್ತು. ಅದರಲ್ಲಿ ಸೂಜಿ ಸಿಕ್ಕಿಸುವ ತಲೆಯನ್ನು ಬಿಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಗಿಟಾರಿನ ಹೊಟ್ಟೆಗೆ ಬಿಗಿದು, ವಯರನ್ನು ಆಂಪ್ಲಿಫಯರಿಗೆ ಕೊಟ್ಟ. ಅಂಥದ್ದೊಂದು ವಾದ್ಯ ವಿದೇಶದಲ್ಲಿ ಅಂಗಡಿಯಲ್ಲೇ ಸಿಗುತ್ತದೆ ಎಂದು ಅವನಿಗಾಗಲೀ ನನಗಾಗಲೀ ಗೊತ್ತಿರಲಿಲ್ಲ. ತಂತಿ ಮೀಟಿದರೆ ನೇತ್ರಾವತಿಯ ಆಚೆ ದಡಕ್ಕೂ ಕೇಳುತ್ತಿತ್ತು. ಆದರೆ ಹಾರ್ನು ಎದುರಿಗಿದ್ದರೆ ಭಯಂಕರವಾಗಿ ಕೂಗುತ್ತಿತ್ತು.

ಮೊದಲ ಪ್ರಯತ್ನ ಬೆಳ್ತಂಗಡಿಯಲ್ಲಿ, ಒಂದು ತುಳು ನಾಟಕದಂದು. ದೃಶ್ಯ ಬದಲಾಗುವಾಗ ಪರದೆ ಇಳಿಸಿ ಹತ್ತು ನಿಮಿಷ ರೆಕಾರ್ಡು ಹಾಕುವುದು ಮೈಕಿನವನ ಕೆಲಸ. ಅವನು ರೆಕಾರ್ಡಿನ ಬದಲು ಪರದೆಯ ಮುಂದೆ ನಿಂತು ಗಿಟಾರು ಮೀಟಿದ. ಒಂದು ನಿಮಿಷವೂ ಆಗಿರಲಿಲ್ಲ.

“ಏ ಪೊರ್ಬು, ಮೈಕ್ ಕೆಟ್ಟಿದೆ, ಸರಿ ಮಾಡು ಮಾರಾಯ!”

“ಸರಿ ಉಂಟು! ಇದು ಸಂಗೀತ!” ಎಂದ ಅವನು.

“ಸಂಗೀತವಾದರೆ ಅದನ್ನೂ ಸರಿ ಮಾಡು!”

ಮೈದಾನವಿಡೀ ನಕ್ಕಿತು. ನಾನೂ ನಕ್ಕೆ. ಅವನು ಅದನ್ನು ನೋಡಿದ. ಮಾರನೆಯ ದಿನ ಪತ್ರಿಕೆಯಲ್ಲಿ ‘ಧ್ವನಿವರ್ಧಕದ ವ್ಯವಸ್ಥೆ ತೃಪ್ತಿಕರವಾಗಿತ್ತು’ ಎಂಬ ನನ್ನ ಸಾಲು ಬಂತು. ಅದನ್ನು ನಾನು ನಾಟಕಕ್ಕೆ ಮೊದಲೇ ಬರೆದಿದ್ದೆ.

ಎರಡನೆಯದು ನೆರಿಯ ಎಂಬ ಹಳ್ಳಿಯ ಕಡೆ ಒಂದು ಮದುವೆಯಲ್ಲಿ. ಅವರದೇ ಸಮುದಾಯದವರ ಮನೆ. ಅಲ್ಲಿ ಬ್ಯಾಂಡು, ವಯಲಿನು ಹೊಸತಲ್ಲ. ಅರ್ಥ ಮಾಡಿಕೊಂಡಾರು ಎಂದುಕೊಂಡಿದ್ದ. ಎರಡನೆಯ ಹಾಡಿಗೆ ಮದುಮಗಳ ದೊಡ್ಡಪ್ಪ ಎದ್ದು ಬಂದು ಬ್ಯಾಟರಿಯ ವಯರನ್ನು ಕಿತ್ತರು. “ಇದು ಕುಡಿಯುವ ಕಡೆ ನುಡಿಸುವುದು. ಇಲ್ಲಿ ಪಾದ್ರಿಗಳು ಊಟಕ್ಕೆ ಕೂತಿದ್ದಾರೆ” ಎಂದರಂತೆ. ನಾನು ಆ ಮದುವೆಗೆ ಹೋಗಿರಲಿಲ್ಲ. ಅವನೇ ಬಸ್ಸಿನಲ್ಲಿ ಹೇಳಿದ್ದು. ಆ ದಿನ ಅವನು ಟಾಪಿನ ಮೇಲೆ ಕೂತಿರಲಿಲ್ಲ, ಒಳಗೆ ನನ್ನ ಪಕ್ಕ ನಿಂತಿದ್ದ. ಕಿತ್ತ ವಯರಿನಿಂದ ಕಿಡಿ ಹಾರಿ ಆಂಪ್ಲಿಫಯರಿನ ವಾಲ್ವು ಸುಟ್ಟಿತ್ತು. ಧಣಿ ಅವನನ್ನು ಅಂಗಡಿಯ ಎದುರಿಗೇ ನಿಲ್ಲಿಸಿ ಬೈದರು.

“ನಿನಗೆ ಸಂಬಳ ಕೊಡುವುದು ಬೇರೆಯವರ ಬಾಯಿ ದೊಡ್ಡದು ಮಾಡ್ಲಿಕ್ಕೆ. ನಿನ್ನ ಬಾಯಿ ದೊಡ್ಡದು ಮಾಡ್ಲಿಕ್ಕೆ ಅಲ್ಲ. ಇನ್ನು ಆ ಮರದ ಡಬ್ಬಿ ನನ್ನ ಆಂಪ್ಲಿಫಯರಿನ ಹತ್ತಿರ ಕಂಡರೆ ಒಲೆಗೆ ಹಾಕ್ತೇನೆ.”

ಆ ವರ್ಷವೇ ಮುಂಬಯಿಯ ಮಾವನಿಂದ ಒಂದು ಕಾಗದ ಬಂತು. ಅವನು ಅದನ್ನು ಮಡಚಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಹೋಟೆಲಿನ ಬ್ಯಾಂಡಿಗೆ ಒಬ್ಬ ಗಿಟಾರಿನವನು ಬೇಕಾಗುತ್ತದೆ. ಆದರೆ ಬ್ಯಾಂಡಿನ ನಾಯಕನ ಬಾಗಿಲಲ್ಲಿ ದಿನಕ್ಕೆ ಹತ್ತು ಜನ ನಿಲ್ಲುತ್ತಾರೆ, ಎಲ್ಲರೂ ಯಾರದಾದರೂ ಅಳಿಯನೇ. ಎಲ್ಲಾದರೂ ನುಡಿಸಿದ್ದಕ್ಕೆ ಪತ್ರಿಕೆಯಲ್ಲಿ ಬಂದ ತುಂಡು ಇದ್ದರೆ ಅವನು ಕೂರಿಸಿ ಕೇಳುತ್ತಾನೆ. ಇಲ್ಲದಿದ್ದರೆ ಮುಖವನ್ನೂ ನೋಡುವುದಿಲ್ಲ. ಯಾವ ಭಾಷೆಯ ಪತ್ರಿಕೆಯಾದರೂ ಆದೀತು, ಹೆಸರು ಇರಬೇಕು. ಇಷ್ಟೇ ಕಾಗದದ ಸಾರ.

“ಒಂದು ಸಾಲು ಸಾಕು ಮಾಸ್ಟ್ರೆ” ಎಂದ ಅವನು. “ಇಂಥವನು ಗಿಟಾರು ನುಡಿಸಿದ. ಮುಗೀತು.”

ನಾನು ನಿಯಮ ಹೇಳಿದೆ. ಚಪ್ಪರದವರು, ಅಡುಗೆಯವರು, ಮೈಕಿನವರು ಕೂಲಿಗೆ ಬಂದವರು. ಕೂಲಿಗೆ ಬಂದವರ ಹೆಸರು ವರದಿಯಲ್ಲಿ ಹಾಕುವ ಕ್ರಮವಿಲ್ಲ. ಅವನು ವೇದಿಕೆಯ ಮೇಲೆ ನುಡಿಸಿದರೆ, ಜನ ಕೇಳಿದರೆ, ಆಗ ಅದು ಸುದ್ದಿ. ಆಗ ಖಂಡಿತ ಬರೆಯುತ್ತೇನೆ.

“ಖಂಡಿತವಾ?”

“ಖಂಡಿತ.”

ಈ ಮಾತು ನಡೆದದ್ದು ಬಂಟ್ವಾಳದ ಬಸ್ ನಿಲ್ದಾಣದಲ್ಲಿ. ಬೇರೆ ಯಾರೂ ಕೇಳಿರಲಿಲ್ಲ. ಹಾಗಾಗಿ ನಾನು ಅದನ್ನು ಇಲ್ಲಿ ಬರೆಯದಿದ್ದರೂ ಆಗುತ್ತಿತ್ತು.

ಮೂಡಬಿದಿರೆಯ ಹತ್ತಿರದ ಒಂದು ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ನಾವಿಬ್ಬರೂ ಹೋದದ್ದು ಐವತ್ತರ ದಶಕದ ಕೊನೆಯ ಭಾಗದಲ್ಲಿ. ಬಿಸಿಲು ಏರತೊಡಗಿದ ತಿಂಗಳು. ಆ ಶಾಲೆಗೆ ಜಾಗ ಕೊಟ್ಟದ್ದು ಅಲ್ಲಿನ ಒಂದು ಗುತ್ತಿನ ಮನೆಯವರು, ಹಳೆಯ ಜಮೀನ್ದಾರ ಮನೆತನ. ಆಮಂತ್ರಣ ಪತ್ರಿಕೆಯಲ್ಲಿ ಮನೋರಂಜನೆಯ ಭಾಗದಲ್ಲಿ ಆ ದಾನಿಗಳ ಸೋದರಳಿಯನ ಹೆಸರು ದೊಡ್ಡ ಅಕ್ಷರದಲ್ಲಿತ್ತು: ಗಿಟಾರ್ ವಾದನ, ಶ್ರೀ ಇಂಥವರು, ಬಿ.ಎ. ಅವರು ಮದರಾಸಿನಲ್ಲಿ ಓದುವಾಗ ಹವಾಯಿ ಗಿಟಾರು ಕಲಿತಿದ್ದರಂತೆ. ಮಡಿಲಲ್ಲಿ ಇಟ್ಟುಕೊಂಡು ಕಬ್ಬಿಣದ ತುಂಡು ಜಾರಿಸಿ ನುಡಿಸುವ, ಮೃದುವಾದ ವಾದ್ಯ.

ಅಂದು ನನ್ನ ಶಾಲೆಗೆ ರಜೆ. ಮಧ್ಯಾಹ್ನ ಮೂರಕ್ಕೆ ನಾನು ಮೂಡಬಿದಿರೆ ಪೇಟೆಯ ಹೋಟೆಲಿನಲ್ಲಿ ಕೂತು ವರದಿ ಮುಗಿಸುತ್ತಿದ್ದೆ. ಅವನು ಶಾಲೆಯಿಂದ ಓಡಿಕೊಂಡೇ ಬಂದ. ಬೆವರಿದ್ದ. ಮಾತು ಒಂದರ ಮೇಲೆ ಒಂದು ಬಿತ್ತು.

“ಮಾಸ್ಟ್ರೆ, ಆ ಬಿ.ಎ. ಬರುವುದಿಲ್ಲ. ಮೈ ಹುಷಾರಿಲ್ಲ ಅಂತ ಮನೆಯಿಂದ ಜನ ಬಂದು ಹೇಳಿ ಹೋದರು. ಮಕ್ಕಳು ನಾಟಕಕ್ಕೆ ಬಣ್ಣ ಹಚ್ಚುವವರೆಗೆ ಹತ್ತು ನಿಮಿಷ ಖಾಲಿ. ಹೆಡ್ಮಾಸ್ಟ್ರು ತಲೆಗೆ ಕೈ ಕೊಟ್ಟು ಕೂತಿದ್ದರು, ನಾನು ಕೇಳಿದೆ. ಆಯ್ತು ನೀನೇ ಏನಾದರೂ ಮಾಡು ಅಂದರು. ವೇದಿಕೆಯ ಮೇಲೆ! ಗಿಟಾರು ತಂದಿದ್ದೇನೆ, ಗೋಣಿಯಲ್ಲಿ ಸುತ್ತಿ ತಂದಿದ್ದೇನೆ, ಧಣಿಗೆ ಗೊತ್ತಿಲ್ಲ. ನೀವು ಬರೆಯುವುದು ಆಯ್ತಾ?”

“ಆಗ್ತಾ ಉಂಟು.”

“ಹಾಗಾದರೆ ಅವರ ಹೆಸರು ಹೊಡೆದು ನನ್ನದು ಹಾಕಿ.”

ನಾನು ಪೆನ್ನಿನ ಮುಚ್ಚಳ ಹಾಕಿದೆ. “ಪೊರ್ಬು, ನೀನು ಇನ್ನೂ ನುಡಿಸಲಿಲ್ಲ. ನಡೆಯದ್ದನ್ನು ನಾನು ಹೇಗೆ ಬರೆಯುವುದು?”

ಅವನು ನನ್ನ ಮುಂದಿದ್ದ ಹಾಳೆಯನ್ನು ನೋಡಿದ. ಕನ್ನಡ ಚೆನ್ನಾಗಿ ಓದುತ್ತಿದ್ದ. ಬೆರಳಿಟ್ಟು ಓದಿದ: “‘ಅಧ್ಯಕ್ಷರು ಮಾತನಾಡುತ್ತಾ, ವಿದ್ಯೆ ಮನುಷ್ಯನ ಕಣ್ಣು ಎಂದರು.’ ಅವರು ಯಾವಾಗ ಅಂದರು ಮಾಸ್ಟ್ರೆ? ಅವರು ಈಗ ಪ್ರವಾಸಿ ಬಂಗಲೆಯಲ್ಲಿ ಮಲಗಿದ್ದಾರೆ.”

“ಅದು ಬೇರೆ.”

“ಎಂತ ಬೇರೆ?”

ನನ್ನದೊಂದು ಲೆಕ್ಕಾಚಾರ ಇತ್ತು. ಅದನ್ನೂ ದಾಖಲಿಸುತ್ತೇನೆ. ಅವನ ಹೆಸರು ಹಾಕಿ, ಆಮೇಲೆ ಆ ಅಳಿಯ ಸಂಜೆ ಕಾರು ಹತ್ತಿ ಬಂದೇಬಿಟ್ಟರೆ, ದಾನಿಗಳ ಮನೆಯವರ ಹೆಸರು ಬಿಟ್ಟ ಅಪರಾಧ ನನ್ನ ಮೇಲೆ. ಅವರ ಹೆಸರು ಹಾಕಿ ಅವರು ಬಾರದೆ ಇದ್ದರೆ ಯಾರೂ ಕೇಳುವುದಿಲ್ಲ. ಮೈಕಿನವನು ಕೇಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಎರಡೂ ಹೆಸರು ಬಿಟ್ಟು, ‘ಗಿಟಾರ್ ವಾದನ ನಡೆಯಿತು’ ಎಂದಷ್ಟೇ ಬರೆಯಬಹುದಿತ್ತು. ಅದು ಹೊಳೆದದ್ದು ನನಗೆ ಮಾರನೆಯ ದಿನ.

“ನೀನು ನುಡಿಸು. ನಾಳೆ ನಿನ್ನದೇ ಬೇರೆ ಸುದ್ದಿ ಬರೀತೇನೆ. ಒಂದು ಸಾಲಲ್ಲ, ಹತ್ತು ಸಾಲು” ಎಂದೆ.

ಅವನ ಮುಖ ಅರಳಿತು. ಹತ್ತು ಸಾಲು ಎಂಬ ಮಾತಿಗೆ. ಗಂಟೆ ನಾಲ್ಕಾಯಿತು. ಲಕೋಟೆಯನ್ನು ಕಂಡಕ್ಟರನಿಗೆ ನಾನೇ ಕೊಟ್ಟೆ. ಬಸ್ಸು ಹೊರಡುವವರೆಗೂ ಅವನು ನನ್ನ ಪಕ್ಕದಲ್ಲೇ ನಿಂತಿದ್ದ.

ಆ ದಿನದ ನೋಟ್‌ಬುಕ್ಕು ನನ್ನ ಬಳಿ ಈಗಲೂ ಇದೆ. ಲಕೋಟೆ ಹೋದ ಮೇಲೆ ಟಿಪ್ಪಣಿ ಬರೆಯುವ ಅಗತ್ಯ ನನಗೆ ಯಾವತ್ತೂ ಇರಲಿಲ್ಲ. ಆ ಸಂಜೆ ಬರೆದೆ. ಅದರಲ್ಲಿರುವುದನ್ನೇ ಇಲ್ಲಿ ಕೊಡುತ್ತೇನೆ.

ಹೆಡ್ಮಾಸ್ಟ್ರು ಮೈಕಿನ ಮುಂದೆ ಬಂದು, “ಮಕ್ಕಳು ಸಿದ್ಧರಾಗುವವರೆಗೆ ನಮ್ಮ ಮೈಕಿನವರು ಸ್ವಲ್ಪ ಹೊತ್ತು ಕಳೆಯುತ್ತಾರೆ” ಎಂದರು. ಹೆಸರು ಹೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ಅವನು ಮೊದಲು ಎರಡು ಹಾರ್ನುಗಳನ್ನೂ ರಸ್ತೆಯ ಕಡೆ ತಿರುಗಿಸಿದ. ಬೆಳ್ತಂಗಡಿಯಲ್ಲಿ ಕೂಗಿ ಮಾನ ಕಳೆದದ್ದು ಯಾಕೆಂದು ಅಷ್ಟು ಹೊತ್ತಿಗೆ ಕಂಡುಕೊಂಡಿದ್ದ. ಆಮೇಲೆ ಶಾಲೆಯ ಬೆಂಚಿನ ಮೇಲೆ ಒಂದು ಕಾಲಿಟ್ಟು, ಹಲಗೆಗೆ ಹಿಮ್ಮಡಿಯಿಂದ ನಾಲ್ಕು ಪೆಟ್ಟು ಕೊಟ್ಟು ಶುರು ಮಾಡಿದ.

ಮೊದಲ ಹಾಡಿಗೆ ಯಾರೂ ಅಲುಗಾಡಲಿಲ್ಲ. ನಗಲೂ ಇಲ್ಲ. ನಾನು ನಗು ಬರುತ್ತದೆಂದು ಕಾದೆ. ಎರಡನೆಯದರಲ್ಲಿ ಹೈಸ್ಕೂಲಿನ ಹುಡುಗಿಯರ ಸಾಲಿನಿಂದ ಚಪ್ಪಾಳೆ ಹೊರಟಿತು, ತಾಳದ ಪೆಟ್ಟಿಗೆ ಸರಿಯಾಗಿ. ಬಣ್ಣ ಹಚ್ಚಿಕೊಳ್ಳುತ್ತಿದ್ದ ಮಕ್ಕಳು ಅರ್ಧ ಮೀಸೆಯಲ್ಲಿ ಪರದೆ ಸರಿಸಿ ಇಣುಕಿದರು. ನೆಲಗಡಲೆ ಮಾರುವ ಹೆಂಗಸು ಬುಟ್ಟಿಯನ್ನು ಗೇಟಿನ ಹತ್ತಿರವೇ ಬಿಟ್ಟು ಒಳಗೆ ಬಂದು ನಿಂತಳು. ಹಾರ್ನು ರಸ್ತೆಯ ಕಡೆ ಇದ್ದುದರಿಂದ ರಸ್ತೆಯಲ್ಲಿ ಹೋಗುವವರೂ ನಿಂತರು. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಆಚೆ ಇದ್ದ ಜನ ಒಳಗಿನವರಿಗಿಂತ ಹೆಚ್ಚಾದರು. “ಒನ್ಸ್ ಮೋರ್” ಎಂದು ಕೂಗಿದರು. ಮೂರನೆಯ ಸಲ ಅವನು ತುಳುವಿನಲ್ಲಿ ಹಾಡಿದ. ತಾನೇ ಕಟ್ಟಿದ್ದು. ಬಸ್ಸಿನ ಟಾಪಿನ ಮೇಲೆ ಕೂತವನ ಹಾಡು: ಮೇಲಿನಿಂದ ಎಲ್ಲರ ತಲೆಯೂ ಕಾಣುತ್ತದೆ, ಮೇಲೆ ಕೂತವನನ್ನು ಯಾರೂ ನೋಡುವುದಿಲ್ಲ ಎಂಬ ಅರ್ಥದ್ದು. ಅಂಥ ತಾಳಕ್ಕೆ ತುಳುವಿನ ಮಾತು ಕೂರುತ್ತದೆ ಎಂದು ಆ ಮೈದಾನದಲ್ಲಿ ಯಾರಿಗೂ ಅದಕ್ಕೆ ಮೊದಲು ಗೊತ್ತಿರಲಿಲ್ಲ. ಹತ್ತು ನಿಮಿಷ ಮೂವತ್ತೈದಾಯಿತು. ಹೆಡ್ಮಾಸ್ಟ್ರು ಎರಡು ಸಲ ಗಡಿಯಾರ ನೋಡಿದರು, ಮೂರನೆಯ ಸಲ ನೋಡಲಿಲ್ಲ.

ನನ್ನ ಪಕ್ಕದಲ್ಲಿ ಯಕ್ಷಗಾನದ ಮೇಳ ಬಿಟ್ಟು ಮನೆಯಲ್ಲಿದ್ದ ಒಬ್ಬ ಮುದಿ ಮದ್ದಳೆಗಾರರು ಕೂತಿದ್ದರು. ಕೊನೆಯವರೆಗೂ ಮೊಣಕಾಲ ಮೇಲೆ ಬೆರಳು ಆಡಿಸುತ್ತಿದ್ದರು.

“ಯಾರ ಶಿಷ್ಯ ಇವನು?”

“ಯಾರದ್ದೂ ಅಲ್ಲ. ರೇಡಿಯೋ ಕೇಳಿ ಕಲಿತದ್ದು.”

“ಗಲಾಟೆ ಜಾಸ್ತಿ ಉಂಟು” ಎಂದರು. “ಆದರೆ ಪೆಟ್ಟು ಬೀಳುವ ಜಾಗ ಒಂದು ಕೂದಲೂ ತಪ್ಪುವುದಿಲ್ಲ. ಹೆಸರೆಂತ ಅವನದು?”

ನಾನು ಹೆಸರು ಹೇಳಿದೆ. ಆ ಸಂಜೆ ಅವನ ಹೆಸರನ್ನು ಕೇಳಿದವರು ಅವರೊಬ್ಬರೇ, ಹೇಳಿದವನು ನಾನೊಬ್ಬನೇ.

ಪತ್ರಿಕೆ ಮಾರನೆಯ ದಿನ ಹತ್ತೂವರೆಯ ಬಸ್ಸಿಗೆ ಬಂಟ್ವಾಳಕ್ಕೆ ಬರುತ್ತಿತ್ತು. ನನಗೆ ಶಾಲೆ ಇತ್ತು. ಅವನು ಹೋಟೆಲಿನಲ್ಲಿ ಓದಿದ. ವರದಿ ಎಂದಿಗಿಂತ ಚೆನ್ನಾಗಿ, ಎರಡು ಅಂಕಣದ ತಲೆಬರಹದಲ್ಲಿ ಬಂದಿತ್ತು. ‘ಶ್ರೀಯುತರ ಗಿಟಾರ್ ವಾದನ ಸಭಿಕರ ಮನಸೂರೆಗೊಂಡಿತು’ ಎಂಬುದು ಕೊನೆಯ ಹಿಂದಿನ ವಾಕ್ಯ. ‘ಮನಸೂರೆಗೊಂಡಿತು’ ನನ್ನ ಪದವೇ. ಆಮಂತ್ರಣದಲ್ಲಿ ಇರಲಿಲ್ಲ.

ಮಧ್ಯಾಹ್ನದ ಊಟದ ಬಿಡುವಿಗೆ ಶಾಲೆಯ ಗೇಟಿನಲ್ಲಿ ನಿಂತಿದ್ದ. ಸಿಟ್ಟು ಇರಲಿಲ್ಲ.

“ಮನಸೂರೆಗೊಂಡಿತು ಅಂತ ಉಂಟು. ಅದು ನಿಜವೇ ಅಲ್ವಾ ಮಾಸ್ಟ್ರೆ. ಹೆಸರು ಒಂದು ಸರಿ ಮಾಡಿದರೆ ಆಯ್ತು.”

ಅಂದೇ ಸಂಜೆ ತಿದ್ದುಪಡಿ ಬರೆಯಲು ಕೂತೆ. ‘ನಿನ್ನೆಯ ವರದಿಯಲ್ಲಿ ಪ್ರಕಟವಾದಂತೆ ಶ್ರೀ ಇಂಥವರು ಗಿಟಾರು ನುಡಿಸಿರಲಿಲ್ಲ’ ಎಂದು ಬರೆದ ಕೂಡಲೇ ಮುಂದಿನ ಪ್ರಶ್ನೆ ಕಾಣಿಸಿತು. ನುಡಿಸದವರು ಮನಸೂರೆಗೊಂಡದ್ದು ಹೇಗೆ? ನಾನು ಸಭೆಗೆ ಮೊದಲೇ ವರದಿ ಕಳಿಸಿದ್ದೆ ಎಂದು ಒಪ್ಪಿಕೊಳ್ಳದೆ ಆ ತಿದ್ದುಪಡಿ ಬರೆಯಲು ಸಾಧ್ಯವಿರಲಿಲ್ಲ. ಆ ಹಾಳೆ ಹರಿದೆ. ಬದಲಿಗೆ, ಕೊಟ್ಟ ಮಾತಿನಂತೆ, ಹತ್ತು ಸಾಲಿನ ಬೇರೆಯೇ ಸುದ್ದಿ ಬರೆದೆ: ಇಂಥ ಶಾಲೆಯ ವಾರ್ಷಿಕೋತ್ಸವದಲ್ಲಿ ಬಂಟ್ವಾಳದ ಇಂಥ ಯುವಕ ಸ್ವತಃ ತಯಾರಿಸಿದ ವಿದ್ಯುತ್ ಗಿಟಾರನ್ನು ನುಡಿಸಿ, ತುಳುವಿನಲ್ಲಿ ಹಾಡಿ, ಜನರ ಒತ್ತಾಯಕ್ಕೆ ಮೂವತ್ತೈದು ನಿಮಿಷ ಕಾರ್ಯಕ್ರಮ ಕೊಟ್ಟರು. ಅವನ ಪೂರ್ಣ ಹೆಸರು ಬರೆದೆ. ನಾನು ಬರೆದ ವರದಿಗಳಲ್ಲಿ ಕಣ್ಣಾರೆ ಕಂಡು ಬರೆದ ಕೆಲವೇ ಕೆಲವುಗಳಲ್ಲಿ ಅದು ಒಂದು.

ನಾಲ್ಕನೆಯ ದಿನ ಸುದ್ದಿ ಸಂಪಾದಕರಿಂದ ಕಾರ್ಡು ಬಂತು. ‘ಒಂದೇ ಸಭೆಯಲ್ಲಿ ಎರಡು ಗಿಟಾರು ಹೇಗೆ? ದಾನಿಗಳ ಮನೆಯವರು ನುಡಿಸಿದ್ದಾಗಿ ತಾವೇ ಬರೆದಿದ್ದೀರಿ. ಸ್ಪಷ್ಟೀಕರಣ ಕಳಿಸಿ. ಬಂದ ಮೇಲೆ ಪ್ರಕಟಿಸೋಣ.’

ಅದು ನ್ಯಾಯವಾದ ಪ್ರಶ್ನೆ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ಆ ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ. ಸ್ಪಷ್ಟೀಕರಣ ಕಳಿಸಿದ್ದರೆ ಬಾತ್ಮೀದಾರಿಕೆ ಹೋಗುತ್ತಿತ್ತು ಎಂಬುದು ನನ್ನ ಅಂದಾಜು. ಹೋಗದೆಯೂ ಇರಬಹುದಿತ್ತು. ಪರೀಕ್ಷಿಸಿ ನೋಡಲಿಲ್ಲ.

ಅವನು ಪ್ರತಿದಿನ ಹತ್ತೂವರೆಯ ಬಸ್ಸಿಗೆ ಕಾದ. ಸಿಕ್ಕಿದಾಗೆಲ್ಲ ನಾನು, “ಜಾಗ ಇಲ್ಲವಂತೆ, ಬರ್ತದೆ” ಎಂದೆ. ಎರಡು ವಾರ ಹೀಗೆ ನಡೆಯಿತು. ಅಷ್ಟರಲ್ಲಿ ಗಿಟಾರಿನ ಸುದ್ದಿ ಧಣಿಯ ಕಿವಿಗೆ ಬಿತ್ತು. ಪತ್ರಿಕೆಯಿಂದಲ್ಲ, ಮೂಡಬಿದಿರೆಯಿಂದ ಜನ ಬಂದು, “ಆ ಗಿಟಾರಿನ ಪೊರ್ಬುವನ್ನೇ ಕಳಿಸಬೇಕು” ಎಂದು ಮೈಕ್ ಸೆಟ್ ಕೇಳಿದ್ದರಿಂದ. ಧಣಿ ಅದನ್ನು ಹೊಗಳಿಕೆಯಾಗಿ ತೆಗೆದುಕೊಳ್ಳಲಿಲ್ಲ. ಕೆಲಸ ಹೋಯಿತು.

ಕೊನೆಯ ಸಲ ಅವನು ನಮ್ಮ ಮನೆಗೇ ಬಂದ. ಮೇಜಿನ ಮೇಲೆ ಪುಸ್ತಕದ ನಡುವೆ ಇದ್ದ ಆ ಕಾರ್ಡು ಅವನ ಕಣ್ಣಿಗೆ ಬಿತ್ತು. ಎತ್ತಿಕೊಂಡು ಓದಿದ. ತಾರೀಕನ್ನೂ ನೋಡಿದ.

“ಅವರು ಕೇಳಿದ್ದಾರಲ್ಲ ಮಾಸ್ಟ್ರೆ. ನೀವು ಉತ್ತರ ಕೊಟ್ಟರೆ ಹಾಕ್ತೇವೆ ಅಂತ ಬರೆದಿದ್ದಾರಲ್ಲ.”

ನಾನು ಏನೋ ಹೇಳಿದೆ. ಏನೆಂದು ನೆನಪಿಲ್ಲ. ನೆನಪಿದ್ದರೆ ಬರೆಯುತ್ತಿದ್ದೆ.

ಅವನು ಕಾರ್ಡನ್ನು ಪುಸ್ತಕದೊಳಗೆ ಇದ್ದ ಜಾಗದಲ್ಲೇ ಇಟ್ಟ. “ನಾನು ಧಣಿ ಕೆಟ್ಟವರು ಅಂತ ಗ್ರಹಿಸಿದ್ದೆ” ಎಂದು ಹೇಳಿ ಮೆಟ್ಟಿಲು ಇಳಿದು ಹೋದ.

ಪತ್ರಿಕೆಯ ತುಂಡು ಇಲ್ಲದೆಯೇ ಮುಂಬಯಿಗೆ ಹೋದ. ಮುಂದಿನದು ನಾನು ಕಂಡದ್ದಲ್ಲ, ಅವನ ಮನೆಯವರಿಂದ ಕೇಳಿದ್ದು. ಬ್ಯಾಂಡಿನ ನಾಯಕ ನೋಡಲೂ ಇಲ್ಲ. ಮೂರು ವರ್ಷ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿದ. ಮಾವನ ಬ್ಯಾಂಡಿನ ಆಂಪ್ಲಿಫಯರು ಒಂದು ಸಂಜೆ ಕೆಟ್ಟಾಗ ಸರಿ ಮಾಡಲು ಹೋಟೆಲಿಗೆ ಕರೆದರು. ಸರಿ ಮಾಡಿ, ಸರಿಯಾಗಿದೆಯೇ ಎಂದು ನೋಡಲು ಅಲ್ಲಿದ್ದ ಗಿಟಾರನ್ನು ಮೀಟಿದ. ಮೀಟಿದವನನ್ನು ಅವರು ಬಿಡಲಿಲ್ಲ. ಎರಡು ವರ್ಷದಲ್ಲಿ ಅವನದೇ ಬ್ಯಾಂಡು. ಮುಂಬಯಿಯ ಇಂಗ್ಲಿಷ್ ಪತ್ರಿಕೆಗಳು ಅವನ ಬಗ್ಗೆ ಬರೆದವು. ಅದರಲ್ಲಿ ಹೊಸ ಹೆಸರು, ಯಾರೋ ಇಟ್ಟದ್ದು. ಊರು ಗೋವಾ ಎಂದಿತ್ತು. ಅಲ್ಲಿ ಗಿಟಾರು ಹಿಡಿದ ಕ್ರೈಸ್ತನೆಂದರೆ ಗೋವಾದವನೇ. ಅಲ್ಲ, ಬಂಟ್ವಾಳದವನು ಎಂದು ತೋರಿಸಲು ಅವನ ಕೈಯಲ್ಲಿ ಒಂದು ತುಂಡು ಕಾಗದವಿರಲಿಲ್ಲ.

ಅರವತ್ತರ ದಶಕದ ನಡುವೆ ತಂಗಿಯ ಮದುವೆಗೆ ಬಂದ. ಅಷ್ಟು ಹೊತ್ತಿಗೆ ನಾನು ಮಾಸ್ಟ್ರಿಕೆ ಬಿಟ್ಟು ಪತ್ರಿಕೆಯ ಕಚೇರಿಯಲ್ಲೇ ಉಪಸಂಪಾದಕನಾಗಿದ್ದೆ. ‘ನಮ್ಮ ಜಿಲ್ಲೆಯವನೇ ಅಂತ ಜನ ಹೇಳ್ತಾರಲ್ಲ, ಒಂದು ಪೂರ್ತಿ ಅಂಕಣ ಬರೆಯಿರಿ’ ಎಂದು ಸಂಪಾದಕರು ಹೇಳಿದರು. ಬಂಟ್ವಾಳಕ್ಕೆ ಹೋದೆ. ರೇಡಿಯೋ ಇದ್ದ ಅದೇ ಹೋಟೆಲಿನಲ್ಲಿ ಕೂತೆವು. ಬಿಗಿ ಪ್ಯಾಂಟು ಹಾಕಿದ್ದ. ಎಡಗೈಯ ಬೆರಳ ತುದಿಗಳು ಗಟ್ಟಿಯಾಗಿ ಕಲ್ಲಾಗಿದ್ದವು. ಈ ಸಲ ಅವನ ಚಾ ತಣಿಯಲಿಲ್ಲ, ಬಿಸಿಯಾಗಿಯೇ ಕುಡಿದ.

“ಬರೀರಿ ಮಾಸ್ಟ್ರೆ. ಬೇಡ ಅನ್ನುವುದಿಲ್ಲ. ಆದರೆ ಮೊದಲ ಪ್ಯಾರಾದಲ್ಲಿ ಒಂದು ಬರೀಬೇಕು: ಮೂಡಬಿದಿರೆಯ ಆ ದಿನ ನಾನು ಸುಳ್ಳು ಬರೆದೆ ಅಂತ. ಆಮೇಲೆ ನನ್ನ ಹೆಸರು ಹಾಕಿ, ಅಪ್ಪ ಅಮ್ಮ ಇಟ್ಟ ಹೆಸರು. ಅದು ಬರೆಯದೆ ನನ್ನ ಹೆಸರು ನಿಮ್ಮ ಪೆನ್ನಿನಿಂದ ಬರಬಾರದು.”

“ಇಷ್ಟು ವರ್ಷ ಆದ ಮೇಲೆ ಅದನ್ನು ಯಾರು ಕೇಳ್ತಾರೆ ಮಾರಾಯ?”

“ನಾನು ಕೇಳ್ತಾ ಇದ್ದೇನಲ್ಲ.”

ಅಂಕಣ ಬರೆಯಲಿಲ್ಲ. ಅವನು ಸಿಗಲಿಲ್ಲ ಎಂದು ಸಂಪಾದಕರಿಗೆ ಹೇಳಿದೆ. ಅವನು ಅವತ್ತು ಕೇಳಿದ ಮೊದಲ ಪ್ಯಾರಾವನ್ನು ಈಗ ಬರೆದಿದ್ದೇನೆ, ಮೊದಲನೆಯದರಲ್ಲಿ ಅಲ್ಲದಿದ್ದರೂ. ಷರತ್ತು ಪೂರೈಸಿತೇ ಇಲ್ಲವೇ ಎಂದು ಹೇಳಬೇಕಾದವನು ಅವನು. ಅವನು ಮುಂಬಯಿಯಲ್ಲೇ ತೀರಿಕೊಂಡ. ಕೇಳದೆ ಹೆಸರು ಹಾಕಲು ಮನಸ್ಸಾಗಲಿಲ್ಲ. ಅವನ ಹೆಸರಿಲ್ಲದ ಬರಹದಲ್ಲಿ ಉಳಿದವರ ಹೆಸರೂ ಬೇಡವೆಂದು ಬಿಟ್ಟಿದ್ದೇನೆ.

ಇನ್ನೊಂದು ಸಂಗತಿ ದಾಖಲಿಸಬೇಕು. ಅವನು ಬಂದು ಹೋದ ಎರಡು ವರ್ಷಕ್ಕೆ ಆ ಹೈಸ್ಕೂಲಿನವರು ಒಂದು ಸ್ಮರಣ ಸಂಚಿಕೆ ತಂದರು. ಹಳೆಯ ವಾರ್ಷಿಕೋತ್ಸವಗಳ ಬಗ್ಗೆ ಒಂದು ಲೇಖನವಿತ್ತು. ಅದರ ಪ್ರೂಫ್ ಹಿಡಿದುಕೊಂಡು ಹೊಸ ಹೆಡ್ಮಾಸ್ಟ್ರು ನಮ್ಮ ಕಚೇರಿಗೆ ಬಂದರು. ತುಂಬ ವಿನಯದ ಮನುಷ್ಯ.

“ಈ ಕಡೆ ಮೊದಲು ಆಧುನಿಕ ಗಿಟಾರು ನುಡಿಸಿದ್ದು ನಮ್ಮ ಶಾಲೆಯ ವೇದಿಕೆಯಲ್ಲಿ ಅಂತ ಹಾಕಿದ್ದೇವೆ ಸರ್. ಜನ ಈಗಲೂ ಆ ಸಂಜೆಯ ಬಗ್ಗೆ ಮಾತಾಡ್ತಾರೆ. ನುಡಿಸಿದ್ದು ಯಾರೋ ಮೈಕಿನವನು ಅಂತ ಕೆಲವರು ಹೇಳ್ತಾರೆ, ಆದರೆ ಅದಕ್ಕೆ ದಾಖಲೆ ಇಲ್ಲ. ಪತ್ರಿಕೆಯಲ್ಲಿ ದಾನಿಗಳ ಅಳಿಯನ ಹೆಸರು ಉಂಟು. ವರದಿ ನಿಮ್ಮದೇ ಅಂತ ಗೊತ್ತಾಯ್ತು. ಒಮ್ಮೆ ನೋಡಿ ಕೊಟ್ಟರೆ ಉಪಕಾರ.”

ಪ್ರೂಫಿನ 'ಆಧಾರ' ಎಂಬಲ್ಲಿ ಪತ್ರಿಕೆಯ ಹೆಸರು, ತಾರೀಕು, ಪುಟ ಎಲ್ಲವೂ ಸರಿಯಾಗಿದ್ದವು. ಅಳಿಯನ ಇನಿಷಿಯಲ್ ಒಂದು ತಪ್ಪಾಗಿತ್ತು. ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ಸಹಿ ಹಾಕಿ ಕೊಟ್ಟೆ.